ಹಳೆಯ ಕೀಲಿಗೆ ಇನ್ನೂ ಮೂವರು

ಬೆಳಗಿನ ಐದೂ ಮುಕ್ಕಾಲು. ಮೂರನೇ ಮಹಡಿಯ ಕಚೇರಿಯಲ್ಲಿ ದೀಪ ಉರಿಯುತ್ತಿರುವುದು ಒಂದೇ ಮೇಜಿನ ಮೇಲೆ. ಪಕ್ಕದ ಗಾಜಿನ ಕೋಣೆಯಲ್ಲಿ ಸರ್ವರುಗಳು ಒಂದೇ ಸಮನೆ ಗುಂಯ್‌ಗುಡುತ್ತಿವೆ. ಅಲ್ಲಿಂದ ನುಸುಳುವ ತಣ್ಣನೆಯ ಗಾಳಿಗೆ, ಆ ಮೇಜಿನ ಮುಂದೆ ಕೂತಿರುವ ಆಕೆ ಸ್ವೆಟರಿನ ತೋಳನ್ನು ಬೆರಳಿನವರೆಗೂ ಎಳೆದುಕೊಂಡಿದ್ದಾರೆ. ಕಣ್ಣುಗಳು ಕೆಂಪಾಗಿವೆ. ಕುರ್ಚಿಯ ಪಕ್ಕ ಒಂದು ಚೀಲವಿದೆ. ಎಂಟೂವರೆಯ ಬಸ್ಸಿಗೆ ತಂಗಿಯ ಊರಿಗೆ ಹೊರಡಬೇಕು. ಎರಡು ವರ್ಷಗಳಲ್ಲಿ ಮೊದಲ ಬಾರಿಗೆ ಐದು ದಿನ ರಜೆ ಸಿಕ್ಕಿದೆ. ಅದಕ್ಕೆ ಒಂದೇ ಷರತ್ತು: ಹೊರಡುವ ಮುಂಚೆ ಸರ್ವರಿನಲ್ಲಿರುವ ಹಳೆಯ ಡಿಜಿಟಲ್ ಕೀಲಿಯನ್ನು ಅಳಿಸಿ ಹೋಗಬೇಕು.

ಕಚೇರಿಯಲ್ಲಿ ಎಲ್ಲರೂ ಆಕೆಯನ್ನು ಕರೆಯುವುದು ‘ಬೀಗದಕ್ಕ’ ಎಂದು. ವಯಸ್ಸು ನಲವತ್ತೇಳು. ಅಂಗಡಿಯ ಆ್ಯಪಿನಲ್ಲಿ ಫೋನಿನ ವಾಲೆಟ್ ಒತ್ತಿ ಹಣ ಕೊಡುವಾಗ ನಮ್ಮ ಕಾರ್ಡಿನ ನಂಬರು ಹೊರಗೆ ಹೋಗುವುದಿಲ್ಲ. ಅದರ ಬದಲು ಟೋಕನ್ ಎಂಬ ಬದಲಿ ನಂಬರು ಹೋಗುತ್ತದೆ, ಅದೂ ಬೀಗ ಜಡಿಸಿಕೊಂಡು. ಆ ಬೀಗ ತೆಗೆದು, ಮೇಲಿನ ಸಹಿ ಅಸಲಿಯೇ ಎಂದು ನೋಡಿ, ಅವಧಿ ಮೀರಿದ್ದನ್ನು ಪಕ್ಕಕ್ಕೆ ತಳ್ಳಿ, ಉಳಿದದ್ದನ್ನು ಬ್ಯಾಂಕಿಗೆ ದಾಟಿಸುವುದು ಇಲ್ಲಿನ ಸರ್ವರಿನ ಕೆಲಸ. ದಿನಕ್ಕೆ ನಾಲ್ಕು ಲಕ್ಷ ಟೋಕನ್. ಒಂದೊಂದಕ್ಕೂ ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯುವುದಿಲ್ಲ. ಆ ಪ್ರೋಗ್ರಾಂ ಬರೆದು, ಒಂಬತ್ತು ವರ್ಷಗಳಿಂದ ಅದನ್ನು ಕಾಯುತ್ತಿರುವವರು ಈ ಬೀಗದಕ್ಕ.

“ಬಾಗಿಲು ತೆಗೆಯೋ ಕೆಲಸ ಅಷ್ಟೇ. ಸರಿಯಾಗಿ ತೆಗೆದ್ರೆ ಯಾರೂ ತಿರುಗಿ ನೋಡಲ್ಲ. ತೆಗೀಲಿಲ್ಲ ಅಂದ್ರೆ ನಮ್ಮನೆ ಫೋನ್ ಬಾಯಿ ಬಡ್ಕೊಳ್ಳುತ್ತೆ,” ಎನ್ನುತ್ತಾರೆ. ಮನೆಯಲ್ಲೂ ಈ ಕೆಲಸ ಯಾರ ತಲೆಗೂ ಹತ್ತಿಲ್ಲ. “ಸೊಸೆ ಫೋನ್ ರಿಪೇರಿ ಮಾಡ್ತಾಳೆ ಅಂತ ಅತ್ತೆ ಅಕ್ಕಪಕ್ಕದವರಿಗೆಲ್ಲ ಹೇಳಿಬಿಟ್ಟಿದ್ದಾರೆ. ನಾಲ್ಕು ಜನ ಒಡೆದ ಫೋನ್ ತಂದು ಕೊಟ್ರು. ಎರಡನ್ನ ನಾನೇ ಅಂಗಡೀಲಿ ಸರಿ ಮಾಡ್ಸಿ ಕೊಟ್ಟೆ. ಅತ್ತೆ ಮರ್ಯಾದೆ ಕಾಪಾಡ್ಬೇಕಲ್ಲ!”

ಗಂಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಪಾಳಿ ಕೆಲಸ ಮಾಡುತ್ತಾರೆ. ಇಬ್ಬರೂ ವಾರದಲ್ಲಿ ನಾಲ್ಕು ದಿನ ಭೇಟಿಯಾಗುವುದು ಮೆಟ್ಟಿಲ ಮೇಲೆ, ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿಯುವಾಗ. ಬೀಗದಕ್ಕನ ಕೆಲಸಕ್ಕೆ ಮೊದಲು ಮೂರು ಜನರಿದ್ದರು. ಇಬ್ಬರು ಬಿಟ್ಟುಹೋದರು, ಆ ಜಾಗಕ್ಕೆ ಯಾರೂ ಬರಲಿಲ್ಲ. ಹಾಗಾಗಿ ಆಕೆ ಸ್ನಾನದ ಮನೆಗೂ ಫೋನ್ ಒಯ್ಯುತ್ತಾರೆ. ಇಷ್ಟು ವರ್ಷಗಳ ಸುಸ್ತು ಮೈಯಲ್ಲಿ ಮನೆ ಮಾಡಿಕೊಂಡಿದೆ, ಒಂದು ಭಾನುವಾರದ ನಿದ್ದೆಗೆ ಅದು ಜಗ್ಗುವುದಿಲ್ಲ.

ಎರಡು ವರ್ಷಕ್ಕೊಮ್ಮೆ ಕೀಲಿ ಬದಲಾಗುತ್ತದೆ. ಹೊಸ ಬೀಗ ಫೋನುಗಳಿಗೆ ತಲುಪುತ್ತದೆ, ಅದರ ಕೀಲಿ ಸರ್ವರಿಗೆ ಬರುತ್ತದೆ. ಆದರೆ ಎಲ್ಲ ಫೋನೂ ಒಂದೇ ದಿನ ಬದಲಾಗುವುದಿಲ್ಲ. ಕೆಲವು ಹಳೆಯ ಬೀಗವನ್ನೇ ಹಾಕಿ ಕಳಿಸುತ್ತಿರುತ್ತವೆ. ಅದಕ್ಕೇ ಎಂಟು ದಿನ ಎರಡೂ ಕೀಲಿ ಇಟ್ಟುಕೊಳ್ಳಬೇಕು. ಅಳಿಸಿದ ಮೇಲೆ ಮುಗಿಯಿತು, ಹಳೆಯದನ್ನು ಮತ್ತೆ ಹುಟ್ಟಿಸಲು ಯಾರಿಂದಲೂ ಆಗದು.

ಆರು ವರ್ಷದ ಹಿಂದೆ ಆಕೆ ಎಡವಿದ್ದು ಇಲ್ಲಿಯೇ. ಹೊಸ ಕೀಲಿ ಮೊದಲ ದಿನವೇ ಸಲೀಸಾಗಿ ಓಡಿತು. ಖುಷಿಯಲ್ಲಿ ಹಳೆಯದನ್ನು ಅಂದೇ ಅಳಿಸಿದರು. ಮುಂದಿನ ಒಂದೂವರೆ ದಿನ ಸಾವಿರಾರು ಜನರ ಹಣ ಸ್ವೀಕಾರವಾಗಲಿಲ್ಲ. ಬಂದ ದೂರುಗಳನ್ನೆಲ್ಲ ಆಕೆಯೇ ಓದಬೇಕಾಯಿತು. “ಒಬ್ರು ಬರೆದಿದ್ರು: ‘ಔಷಧಿ ಅಂಗಡೀಲಿ ನನ್ನ ಹಿಂದೆ ಜನರ ಸಾಲಿತ್ತು. ಮಗಳ ಮುಂದೆ ಔಷಧಿ ವಾಪಸ್ ಕೊಟ್ಟೆ. ಖಾತೇಲಿ ದುಡ್ಡಿತ್ತು.’ ಅಷ್ಟೇ. ಬೈದಿರ್ಲಿಲ್ಲ. ಬೈದಿದ್ರೆ ಮರೆತುಬಿಡ್ತಿದ್ದೆ,” ಎಂದು ಆಕೆ ಕಿಟಕಿಯ ಕಡೆ ತಿರುಗುತ್ತಾರೆ.

ಇಂದು ಎಂಟನೇ ದಿನ. ನಿಯಮದಂತೆ ಈಗ ಅಳಿಸಬಹುದು. ಬೀಗದಕ್ಕ ಪಟ್ಟಿ ತೆರೆಯುತ್ತಾರೆ: ನಿನ್ನೆಯ ನಾಲ್ಕು ಲಕ್ಷದಲ್ಲಿ ಹಳೆಯ ಬೀಗ ಹಾಕಿಕೊಂಡು ಬಂದದ್ದು ಮೂರು. ಮೂರೂ ಬೇರೆ ಬೇರೆ ಫೋನಿನಿಂದ. ಆಕೆ ಕನ್ನಡಕ ತೆಗೆದು ಮೂಗಿನ ಬುಡ ಒತ್ತಿಕೊಳ್ಳುತ್ತಾರೆ. ಆರೂವರೆಗೆ ಮ್ಯಾನೇಜರ್ ಫೋನು ಬರುತ್ತದೆ.

“ಮೇಡಂ, ಅಳಿಸಿದ್ರಾ? ಹತ್ತು ಗಂಟೆಗೆ ತಪಾಸಣೆಯವರು ಬರ್ತಾರೆ.”

“ಇಲ್ಲ ಸರ್. ಇನ್ನೂ ಮೂರು ಬರ್ತಿದೆ.”

“ನಾಲ್ಕು ಲಕ್ಷದಲ್ಲಿ ಮೂರೇ ಅಲ್ವಾ?”

“ಮೂರು ಜನ ಸರ್.”

ಅತ್ತ ಕಡೆ ನಿಟ್ಟುಸಿರು. ಕೀಲಿ ಉಳಿಸಿಕೊಂಡರೆ ಕಾರಣ ಬರೆದು ಸಹಿ ಹಾಕಬೇಕು, ಅದು ಅಳಿಯುವವರೆಗೆ ಸಹಿ ಹಾಕಿದವರು ಊರು ಬಿಡುವಂತಿಲ್ಲ. ಮ್ಯಾನೇಜರ್ ಕೆಟ್ಟವರಲ್ಲ. “ಈ ರಜೆಗೆ ನಾನೆಷ್ಟು ಒದ್ದಾಡಿದ್ದೀನಿ ಗೊತ್ತಾ? ಅಳಿಸಿ, ಹೋಗಿ ಮಲಗಿ ಮೇಡಂ,” ಎನ್ನುತ್ತಾರೆ. ಬೀಗದಕ್ಕ ಫಾರಂ ತೆರೆಯುತ್ತಾರೆ. ‘ಇನ್ನೂ ಏಳು ದಿನ’ ಎಂದು ಬರೆದು ಸಹಿ ಹಾಕುತ್ತಾರೆ.

ಆಮೇಲೆ ತಂಗಿಗೆ ಫೋನು. ತಂಗಿಯ ದನಿ ಇಲ್ಲಿಯವರೆಗೂ ಕೇಳುತ್ತದೆ: “ಅಕ್ಕಾ, ಈ ಸಲಾನೂ ಕೈ ಕೊಟ್ಯಾ? ನಿನ್ನ ಜೊತೆ ಮಾತು ಬಿಟ್ಟೆ ಹೋಗು!” ಬೀಗದಕ್ಕ ನಗಲು ನೋಡುತ್ತಾರೆ, ನಗು ಬರುವುದಿಲ್ಲ. “ದೊಡ್ಡ ಆಸೆ ಏನಿಲ್ಲ. ಒಂದೇ ಒಂದು ರಾತ್ರಿ ಫೋನ್ ಆಫ್ ಮಾಡಿ, ತಾನಾಗೇ ಎಚ್ಚರ ಆಗೋವರೆಗೂ ಮಲಗ್ಬೇಕು. ಯಾರೂ ಎಬ್ಬಿಸ್ಬಾರ್ದು,” ಎನ್ನುತ್ತಾರೆ, ಫೋನನ್ನು ಮೇಜಿನ ಮೇಲಿಟ್ಟು.

ಏಳು ಗಂಟೆ ಹತ್ತು ನಿಮಿಷ. ಪರದೆಯ ಕೆಳಗೆ, ಹಳೆಯ ಕೀಲಿಯ ಪಟ್ಟಿಯಲ್ಲಿ, ಒಂದು ಹೊಸ ಸಾಲು ಮೂಡುತ್ತದೆ. ಬೀಗ ತೆರೆಯಿತು, ಸಹಿ ಸರಿಯಿದೆ, ಬ್ಯಾಂಕಿಗೆ ದಾಟಿತು. ಆಕೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಅದನ್ನೇ ನೋಡುತ್ತಾರೆ.

“ಯಾರೋ ಏನೋ ಕೊಂಡ್ರು. ಕೊಂಡು, ಅವರ ದಾರಿ ಅವರು ಹಿಡಿದ್ರು,” ಎನ್ನುತ್ತಾರೆ. “ಇವತ್ತು ಇಲ್ಲಿ ಒಬ್ಬಳು ಕೂತಿದ್ಲು ಅಂತ ಅವರಿಗೆ ಯಾಕೆ ಗೊತ್ತಾಗ್ಬೇಕು? ನಂಗೆ ಗೊತ್ತಲ್ಲ, ಸಾಕು.”