ನಟ್ ಕೊಟ್ಟ ಮೇಲೆ ಪಾಳಿ ಕೊಡಬೇಕು

ಸಮಾಧಾನ ಮಾಡುವುದೆಂದರೆ ಸುಳ್ಳು ಹೇಳುವುದು ಎಂದು ನಮ್ಮ ಜನ ತಿಳಿದಿದ್ದಾರೆ. ಅದರಲ್ಲೂ ನನ್ನ ಮಗನಂಥವನಿಗೆ ಏನು ಬೇಕಾದರೂ ಹೇಳಬಹುದು, ಅವನಿಗೇನು ತಿಳಿಯುತ್ತದೆ ಎಂಬ ಧೈರ್ಯ ಅವರಿಗೆ. ನನ್ನ ಗಂಡ ಹಾಗಿರಲಿಲ್ಲ. ಅವರು ಹೋಗಿ ಇಷ್ಟು ವರ್ಷವಾದರೂ ಆ ದಿನ ನೆನೆದರೆ ನನಗೆ ಅಳುವಿಗಿಂತ ಮೊದಲು ಸಿಟ್ಟು ಬರುತ್ತದೆ.

ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹಿಂದೆ ಅವರದು ಗಾಡಿ ರಿಪೇರಿ ಅಂಗಡಿ. ತೊಂಬತ್ತರ ದಶಕದ ಕೊನೆಯ ಮಾತು. ಮಗನಿಗೆ ಆಗ ಒಂಬತ್ತು ವರ್ಷ. ಆಟಿಸಂ ಎಂಬ ಮಾತನ್ನು ದಾವಣಗೆರೆಯ ಡಾಕ್ಟರೊಬ್ಬರು ಹೇಳಿದ್ದರು. ಓಣಿಯವರಿಗೆ ಅವನು ಹುಚ್ಚನೇ. ಮನೆಯಲ್ಲಿ ನಾವು ಉರ್ದು ಆಡುತ್ತಿದ್ದರೂ ಅವನ ಬಾಯಿಗೆ ಬಂದದ್ದು ಅಂಗಡಿಯಲ್ಲಿ ಕೇಳಿದ ಕನ್ನಡ. ಹಾಗಾಗಿ ಅವನ ಮುಂದೆ ಎಲ್ಲರದೂ ಕನ್ನಡವೇ ಆಯಿತು.

ಪಂಕ್ಚರ್ ಆದ ಟ್ಯೂಬನ್ನು ನೀರಿನಲ್ಲಿ ಅದ್ದಿದಾಗ ಗುಳ್ಳೆ ಏಳುವ ಜಾಗಕ್ಕೆ ಬೆರಳಿಡುವುದು ಅವನ ಕೆಲಸ. ಒಮ್ಮೆ ಚಿಗಟೇರಿಯ ಗಿರಾಕಿಯೊಬ್ಬ ಅವಸರಕ್ಕೆ ತಾನೇ ಅದ್ದಿ ನೋಡಿಬಿಟ್ಟ. ಹುಡುಗ ಕೈ ಕಚ್ಚಿಕೊಂಡು ಕಿರುಚಿದ. ಊಟದ ಡಬ್ಬಿ ತಂದಿದ್ದ ನಾನು ಅಲ್ಲೇ ನಿಂತಿದ್ದೆ.

“ಏನ್ ಸಾಹೇಬ್ರ, ನಿಮ್ಮ ಮಗನ ಹಾರನ್ ಬಂದ್ ಆಗಂಗಿಲ್ಲೇನು?” ಎಂದ ಗಿರಾಕಿ.

“ಅವನ ಕೆಲ್ಸ ನೀ ಕಸ್ಗೊಂಡಿ. ನಿನ್ನ ಗಾಡಿ ನಾ ಕಸ್ಗೊಂಡ್ರ ನೀ ಸುಮ್ನಿರ್ತೀಯೇನು?” ಎಂದರು ನನ್ನ ಗಂಡ. ಎಣ್ಣೆ ಮೆತ್ತಿದ ಒಂದು ನಟ್ ಒರೆಸಿ ಮಗನ ಅಂಗೈಯಲ್ಲಿಟ್ಟರು. “ಇದು ನಿನ್ನ ಪಾಳಿ. ಇದು ಕೈಯಾಗ ಇರೋತನ ನಿನ್ನ ಪಾಳಿ ಎಲ್ಲೂ ಹೋಗಂಗಿಲ್ಲ.” ಮುಂದಿನ ಪಂಕ್ಚರ್ ಬಂದಾಗ ನಟ್ ಹಿಂದಕ್ಕೆ ಇಸಿದುಕೊಂಡು ಅವನ ಕೈಗೆ ಟ್ಯೂಬ್ ಕೊಟ್ಟರು.

ಅಂದಿನಿಂದ ಅದೇ ರೂಢಿಯಾಯಿತು. ಪಾಳಿ ಬಾರದು ಎಂದು ಗೊತ್ತಿದ್ದರೆ ಮಾತ್ರ ಅವರು ನಟ್ ಕೊಡುತ್ತಿರಲಿಲ್ಲ. “ಇವತ್ತು ಇಲ್ಲ” ಎಂದು ಸೀದಾ ಹೇಳಿ, ಅವನು ಅತ್ತು ಮುಗಿಸುವವರೆಗೆ ಪಕ್ಕದಲ್ಲಿ ಕೂರುತ್ತಿದ್ದರು. ಗಿರಾಕಿ ಕಾಯಲಿ, ಬೈಯಲಿ, ಏಳುತ್ತಿರಲಿಲ್ಲ.

ಒಂದು ಸಂಜೆ ಅಂಗಡಿಯಲ್ಲೇ ಅವರ ಎದೆಬಡಿತ ನಿಂತಿತು. ಮರುದಿನ ಮಧ್ಯಾಹ್ನದ ನಮಾಜಿನ ನಂತರ ದಫನ್. ಅಜ್ಜ ತೀರಿಕೊಂಡಾಗ ಮಗ ತಂದೆಯ ಕೈ ಹಿಡಿದು ಖಬರಸ್ತಾನಕ್ಕೆ ಹೋಗಿದ್ದ. ಸತ್ತವರ ಮಗ ಮೊದಲು, ಉಳಿದವರು ಆಮೇಲೆ, ಒಬ್ಬೊಬ್ಬರು ಮೂರು ಹಿಡಿ ಮಣ್ಣು ಕೊಡುವುದನ್ನು ನೋಡಿದ್ದ. ಬೆಳಿಗ್ಗೆಯಿಂದ ಅದೊಂದೇ ಮಾತು. “ಅಬ್ಬಾಗ ಮಣ್ಣು. ಮೊದ್ಲು ನಾ.”

ಅಂಗಳದಲ್ಲಿ ಜನ ತುಂಬಿದ್ದರು. ನನ್ನ ಗಂಡನ ಅಣ್ಣ ಬಾಗಿಲಿಗೆ ಬಂದರು. “ಅವನ್ನ ಹಿಂದಿನ ಖೋಲಿಯಾಗ ಕುಂದರ್ಸಮ್ಮ. ಹೊತ್ತಾದ ಕೂಡ್ಲೆ ಕರೀತೀನಿ.”

“ಖರೇ ಕರೀತೀರೇನ್ರಿ ಭಾವ? ಕರಿಯಂಗಿಲ್ಲಂದ್ರ ಈಗ್ಲೇ ಹೇಳ್ರಿ, ಅವಂಗ ನಾ ಹೇಳ್ತೀನಿ.”

“ಕರೀತೀನಿ ಅಂದ್ನಲ್ಲಮ್ಮ!”

ಗಂಡನ ಕೆಲಸದ ಪ್ಯಾಂಟಿನ ಜೇಬಿನಲ್ಲಿ ಸಿಕ್ಕ ನಟ್ಟನ್ನು ಮಗನ ಕೈಗೆ ಕೊಟ್ಟೆ. ಅವನು ಮುಷ್ಟಿ ಬಿಗಿದು ಸುಮ್ಮನೆ ಕುಳಿತ. ಜನಾಜಾ ಹೊತ್ತು ಖಬರಸ್ತಾನಕ್ಕೆ ಹೊರಟರು. ಕರೆಯಲಿಲ್ಲ. ನಾನು ಕೂಗಿದ್ದು ಹೆಂಗಸರ ಅಳುವಿನಲ್ಲಿ ಯಾರಿಗೂ ಕೇಳಲಿಲ್ಲ.

ಗಂಡಸರು ಮರಳಿ ಬಂದು ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದಾಗ ಹುಡುಗ ದೊಡ್ಡಪ್ಪನ ಮುಂದೆ ಹೋಗಿ ಅಂಗೈ ಬಿಚ್ಚಿದ. “ಏನಿದು, ನಟ್ಟಾ? ಶಾಣ್ಯಾ ಅದೀ ನೋಡು,” ಎಂದು ಅವರು ತಲೆ ಸವರಿ ನಟ್ ತೆಗೆದುಕೊಂಡು ಕಿಟಕಿಯ ಮೇಲಿಟ್ಟರು. ಹುಡುಗ ಖಾಲಿ ಅಂಗೈ ಹಾಗೇ ಹಿಡಿದು ನಿಂತ. ನಟ್ ಹೋಯಿತು, ಇನ್ನು ಮಣ್ಣು ಬರಬೇಕು. ಬರಲಿಲ್ಲ. ಆಮೇಲೆ ಗೋಡೆಗೆ ತಲೆ ಹೊಡೆದುಕೊಳ್ಳತೊಡಗಿದ.

“ನೋಡ್ದೇನಮ್ಮ? ಅಲ್ಲಿ ಹಿಂಗ ಮಾಡಿದ್ರ ಏನ್ ಗತಿ ಇತ್ತು?” ಎಂದರು ಭಾವ. ಸುತ್ತ ನಿಂತವರು ತಲೆಯಾಡಿಸಿದರು. ಅವನ ಹಕ್ಕು ಕಿತ್ತುಕೊಂಡವರೇ ಅವನ ಕಿರುಚಾಟವನ್ನು ತಮ್ಮ ಸಾಕ್ಷಿ ಮಾಡಿಕೊಂಡರು. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮುಗಿಯುವವರೆಗೆ ವಿಧವೆ ಹೊಸ್ತಿಲು ದಾಟುವ ಹಾಗಿಲ್ಲ. ಅವನು ದಿನಾ ಬಂದು “ನನ್ನ ಪಾಳಿ” ಎನ್ನುತ್ತಿದ್ದ. “ಇವತ್ತು ಇಲ್ಲ” ಎಂದು ಹೇಳಿ ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಯಾರು ನಟ್ ಕೊಟ್ಟರೂ ಎಸೆಯುತ್ತಿದ್ದ. ನಾನು ಕೊಟ್ಟರೂ.

ಇದ್ದತ್ ಮುಗಿದ ಬೆಳಿಗ್ಗೆ ಮಗನನ್ನು ಕರೆದುಕೊಂಡು ಮೊದಲು ಭಾವನ ಮನೆಗೆ, ಅಲ್ಲಿಂದ ಅವರನ್ನೂ ಎಬ್ಬಿಸಿಕೊಂಡು ಖಬರಸ್ತಾನಕ್ಕೆ ಹೋದೆ.

“ಹೆಣ್ಮಕ್ಳು ಒಳಗ ಬರಂಗಿಲ್ಲ. ಗೊತ್ತೈತಿಲ್ಲ ನಿನಗ?”

“ಗೊತ್ತೈತ್ರಿ. ಗೇಟಿನ್ಯಾಗ ನಿಂದರ್ತೀನಿ. ನೀವು ಕರ್ಕೊಂಡ್ ಹೋಗ್ರಿ. ಅವನ ನಟ್ ಇಸ್ಗೊಂಡೋರು ನೀವು.”

ಗೋಡೆ ಮೋಟಾಗಿತ್ತು, ಎಲ್ಲ ಕಾಣುತ್ತಿತ್ತು. ಸಮಾಧಿಯ ಮೇಲೆ ಆಗಲೇ ಹುಲ್ಲು ಬಂದಿತ್ತು. ಹುಡುಗ ಬಗ್ಗಿ ಗಟ್ಟಿ ನೆಲ ಕೆರೆದು ಮೂರು ಹಿಡಿ ಹಾಕಿದ. ಭಾವನ ಕಣ್ಣಲ್ಲಿ ನೀರು ಬಂದಿತ್ತೋ ಏನೋ, ಮುಖ ಒರೆಸಿಕೊಂಡು ತಾವೂ ಒಂದು ಹಿಡಿ ಮಣ್ಣೆತ್ತಿದರು. ಹುಡುಗ ಅವರ ಮಣಿಕಟ್ಟು ಹಿಡಿದ.

“ನಿಂದು ಆಗೈತಿ.”

ಅವರು ಕೈ ಸಡಿಲಿಸಿದರು. ಮಣ್ಣು ಅವರ ಕಾಲ ಮೇಲೆ ಉದುರಿತು. ಮಗ ನನ್ನ ಬಳಿ ಬಂದು ಕೈ ಜಾಡಿಸಿಕೊಂಡು, “ಮನಿಗೆ” ಎಂದ. ಅವನಿಗೆ ಪಾಳಿ ಮುಗಿದಿತ್ತು. ನನಗೆ ಇಲ್ಲ. ಮುಚ್ಚಿ ಹುಲ್ಲು ಬೆಳೆದ ಮೇಲೆ ಹಾಕಿದ್ದು ಮಣ್ಣು ಕೊಟ್ಟಂತಲ್ಲ. ಅವನು ಮೊದಲಿಗನಾಗಬೇಕಿತ್ತು.