ಮೈಕ್ ಸೆಟ್ಟಿನವರ ಟೆಸ್ಟಿಂಗ್

ಸಂತೇಬೆನ್ನೂರಿನಲ್ಲಿ ನಮ್ಮ ಪಕ್ಕದ ಅಂಗಡಿ ಮೈಕ್ ಸೆಟ್ಟಿನವರದು. ಅವರಿಗೆ ಜಾಝ್ ಸಂಗೀತದ ಹುಚ್ಚು. ಆದರೆ ಮದುವೆಮನೆಯಲ್ಲಿ ದೇವರ ಹಾಡು ಬಿಟ್ಟು ಸ್ಯಾಕ್ಸೊಫೋನ್ ಹಾಕಿದರೆ ಯಾರು ಸುಮ್ಮನಿರುತ್ತಾರೆ? ಅದಕ್ಕೆ ಅವರು ಕಂಡುಕೊಂಡ ದಾರಿ ಟೆಸ್ಟಿಂಗ್. ಸೆಟ್ ಪರೀಕ್ಷಿಸುವಾಗ ಏನು ಹಾಕಿದರೂ ಯಾರೂ ಕೇಳುವುದಿಲ್ಲ. ಬೇರೆಯವರು "ಹಲೋ ಹಲೋ" ಎಂದು ಮುಗಿಸುವ ಕೆಲಸಕ್ಕೆ ಇವರಿಗೆ ಮುಕ್ಕಾಲು ಗಂಟೆ ಬೇಕು. ಯಾರಾದರೂ ಅವಸರ ಮಾಡಿದರೆ ಕಣ್ಣು ಮುಚ್ಚಿಕೊಂಡೇ ಒಂದು ಗುಂಡಿ ತಿರುಗಿಸಿ, "ಟ್ರೆಬಲ್ ಇನ್ನೂ ಸರಿ ಬಂದಿಲ್ಲ ರೀ" ಎನ್ನುವರು. ಆ ಗುಂಡಿಗೆ ವೈರೇ ಇರಲಿಲ್ಲ. ಅದು ನನಗೊಬ್ಬನಿಗೇ ಗೊತ್ತು.

ತ್ಯಾವಣಿಗೆಯ ಒಂದು ಮದುವೆಯಲ್ಲಿ ಟೆಸ್ಟಿಂಗಿನ ಜಾಝ್ ಡ್ರಮ್ಮು ರಂಗೇರಿದ್ದಾಗ ವರನ ಅಪ್ಪ ಕೆಂಡವಾಗಿ ಬಂದರು.

"ಏನ್ರೀ ಇದು, ತಗಡು ಬಡಿದಂಗೈತೆ!"

"ಟ್ರೆಬಲ್ ಇನ್ನೂ..."

"ದೇವರ ಹಾಡು ಹಾಕ್ತೀರೋ, ಸೆಟ್ ಬಿಚ್ಕೊಂಡು ಹೋಗ್ತೀರೋ?"

ಮೈಕ್ ಸೆಟ್ಟಿನವರು ಮುಖ ಸಣ್ಣದು ಮಾಡಿಕೊಂಡು ದೇವರ ಹಾಡು ಹಾಕಿದರು. ಚಪ್ಪರದ ಕಂಬಕ್ಕೊರಗಿ, ಅಷ್ಟೂ ಹೊತ್ತು ಆ ಡ್ರಮ್ಮಿನ ಲಯಕ್ಕೇ ಎಲೆ ಅಡಿಕೆ ಕುಟ್ಟುತ್ತಿದ್ದ ವರನ ಅಜ್ಜಿಯ ಕುಟ್ಟಾಣಿ ಥಟ್ಟನೆ ನಿಂತಿತು.

"ಸುಮ್ಕಿರಲೇ, ನಿಂಗೇನ್ ಗೊತ್ತೈತೆ?" ಎಂದು ಮಗನನ್ನು ಗದರಿದ ಅಜ್ಜಿ ಇವರ ಕಡೆ ತಿರುಗಿದರು. "ಯಪ್ಪಾ, ಟ್ರೆಬಲ್ಲು ಇನ್ನೂ ಸರಿ ಬಂದಿಲ್ಲ. ಮೊದಲಿಂದ ಟೆಸ್ಟ್ ಮಾಡು."