ತುಂಬಿ ಬಂದ ಕೊಡಪಾನ

ಸತ್ತವರು ಬಂದರು, ಕರೆದರು ಎಂದು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವಳು ನಾನೇ. ಈಗ ನಗುವುದಿಲ್ಲ. ಓದಿದ್ದು ನಾಲ್ಕನೇ ಕ್ಲಾಸು. ಸುಳ್ಳು ಸೇರಿಸಿ ಬರೆಯುವಷ್ಟು ವಿದ್ಯೆ ನನಗಿಲ್ಲ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅಜ್ಜಾವರದ ಕಡೆ ನಮ್ಮ ಮನೆ. ಕೆಳಗೆ ಹೊಳೆ, ಹೊಳೆಯ ಆಚೆ ದೇವಕಿಯಕ್ಕನ ಮನೆ. ನಮ್ಮ ಬಾವಿ ಪ್ರತಿ ವರ್ಷ ಫೆಬ್ರವರಿಗೆಲ್ಲ ಬತ್ತುತ್ತಿತ್ತು. ಅವರದ್ದರಲ್ಲಿ ಮೇ ತಿಂಗಳಲ್ಲೂ ನೀರು. ಹೊಳೆ ದಾಟಿ ಅಲ್ಲಿಂದ ಹೊತ್ತು ತರುತ್ತಿದ್ದೆ. ಅವರು ಒಂದು ದಿನವೂ ಇಲ್ಲ ಎಂದವರಲ್ಲ. ತಾವೇ ಸೇದಿ, ಕಂಠದವರೆಗೆ ತುಂಬಿಸಿ ಕೊಡುತ್ತಿದ್ದರು.

"ಅರ್ಧ ಕೊಡ ಎಂತಕ್ಕೆ ಮಾರಾಯ್ತಿ? ತುಂಬ ತಕ್ಕೊಂಡು ಹೋಗು. ನಮ್ಮ ಬಾವಿ ಬತ್ತುದಿಲ್ಲ."

ಆ ಕೊನೆಯ ಮಾತು ನನ್ನ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತ್ತು.

ಒಂದು ಮಧ್ಯಾಹ್ನ ಅವರು ಒಳಗೆ ಹೋದಾಗ, ಅವರ ತಾಮ್ರದ ಕೊಡಪಾನದ ಹಗ್ಗ ಬಿಚ್ಚಿ, ಕೊಡಪಾನವನ್ನು ಅವರದೇ ಬಾವಿಗೆ ಹಾಕಿಬಿಟ್ಟೆ. ಅವರು ತವರಿನಿಂದ ತಂದದ್ದು, ಕುತ್ತಿಗೆಗೆ ಬೆಸುಗೆ ಹಾಕಿಸಿದ್ದು. ಅವರು ಬಾವಿಗೆ ಪಾತಾಳಗರಡಿಯ ಕೊಕ್ಕೆ ಇಳಿಸಿ ಎರಡು ದಿನ ಹುಡುಕಿದರು. ಸಿಗಲಿಲ್ಲ. "ನಾನೇ ಗಂಟು ಸರಿ ಹಾಕ್ಲಿಲ್ಲ ಕಾಣ್ತದೆ" ಎಂದರು. ನಾನು ಪಕ್ಕದಲ್ಲಿ ನಿಂತು "ಛೆ" ಎಂದೆ.

ಹೊಳೆಗೆ ಕಿಂಡಿ ಅಣೆಕಟ್ಟು ಆದರೆ ನಮ್ಮ ಬಾವಿಗೂ ನೀರು ಏರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಆದರೆ ನನ್ನ ಮಗಳು ಶಾಲೆಗೆ ಹೋಗುವಾಗ ಎದ್ದ ಕಂಬಗಳು ಅಷ್ಟಕ್ಕೇ ನಿಂತವು. ಕೆಲಸ ಮುಗಿದು, ಕಿಂಡಿಗಳಿಗೆ ಹಲಗೆ ಇಳಿಸಿ ಹೊಳೆಯ ನೀರು ನಿಲ್ಲಿಸಿದ್ದು ದೇವಕಿಯಕ್ಕ ತೀರಿಕೊಂಡ ಮರುವರ್ಷ, ಮಗಳು ಬಾಣಂತಿಯಾಗಿ ನಮ್ಮಲ್ಲಿ ಇದ್ದಾಗ.

ಅಯ್ಯೋ, ಆಗಿನ ನನ್ನ ಸಂತೋಷ! ಮೊಮ್ಮಗಳನ್ನು ನಮ್ಮದೇ ಬಾವಿಯ ನೀರಿನಲ್ಲಿ ಮೀಯಿಸಬೇಕು, ಯಾರೋ ಕೊಟ್ಟ ನೀರಿನಲ್ಲಿ ಅಲ್ಲ. ಅದೊಂದೇ ಆಸೆ. ಹಲಗೆ ಹಾಕುವ ಮೊದಲೇ ಬತ್ತಿದ ಬಾವಿಗೆ ಆಳು ಇಳಿಸಿ ಕೆಸರು ತೆಗೆಸಿದ್ದೆ. ತಳದಲ್ಲಿ ಬಂಡೆ ಬಿಟ್ಟರೆ ಏನೂ ಇರಲಿಲ್ಲ, ನಾನೇ ಬಗ್ಗಿ ನೋಡಿದ್ದೇನೆ.

ಹಲಗೆ ಹಾಕಿದ ಹತ್ತನೇ ದಿನ ಬೆಳಿಗ್ಗೆ ನೋಡಿದರೆ ಆಳೆತ್ತರ ನೀರು. ಸಂಭ್ರಮದಲ್ಲಿ ಗಂಟು ಬಿಗಿಯಾಗಲಿಲ್ಲವೋ ಏನೋ, ಮೊದಲ ಸಲಕ್ಕೇ ನನ್ನ ಸ್ಟೀಲಿನ ಕೊಡಪಾನ ಹಗ್ಗ ಬಿಟ್ಟು ಮುಳುಗಿತು. ಪಾತಾಳಗರಡಿ ಇಳಿಸಿದೆ. ಕೂಡಲೇ ಏನೋ ಸಿಕ್ಕಿತು.

ಕೊಕ್ಕೆಗೆ ಸಿಕ್ಕ ಕೊಡ ಯಾವಾಗಲೂ ಓರೆಯಾಗಿ, ನೀರು ಚೆಲ್ಲಿಕೊಂಡು ಬರುತ್ತದೆ. ಇದು ನೆಟ್ಟಗೆ ಬಂತು. ಕಂಠದವರೆಗೆ ನೀರು, ಒಂದು ಹನಿ ಚೆಲ್ಲಿರಲಿಲ್ಲ. ತಾಮ್ರದ್ದು. ಕುತ್ತಿಗೆಯಲ್ಲಿ ಬೆಸುಗೆ.

ಮಗಳು ಜಗಲಿಯಿಂದ ಕೂಗಿದಳು. "ಅಮ್ಮಾ, ಅದು ದೇವಕಿ ದೊಡ್ಡಮ್ಮನ ಕೊಡಪಾನ ಅಲ್ವಾ? ನಮ್ಮ ಬಾವಿಯಲ್ಲಿ ಎಂತ ಮಾಡ್ತಾ ಉಂಟು ಅದು?"

"ನಂಗೆಂತ ಗೊತ್ತು? ಮಗು ಅಳ್ತಾ ಉಂಟು, ಒಳಗೆ ಹೋಗು."

ಹೊಳೆಯ ಅಡಿಯಿಂದ ಎರಡೂ ಬಾವಿಗೆ ಒಂದೇ ಒರತೆ ಇರಬಹುದು ಎಂದು ನನ್ನ ಯಜಮಾನರು ಹೇಳುತ್ತಾರೆ. ನೀರಿಗೆ ದಾರಿ ಇರಬಹುದು. ಕೊಡಪಾನಕ್ಕೆ?

ಆ ನೀರು ಚೆಲ್ಲಲು ಕೈ ಬರಲಿಲ್ಲ. ಅದನ್ನೇ ಕಾಯಿಸಿ ಮಗುವನ್ನು ಮೀಯಿಸಿದೆ. ಅದು ಕೈಕಾಲು ಬಡಿದು ನಕ್ಕ ನಗು ನೆನೆದರೆ ಇವತ್ತಿಗೂ ನನ್ನ ಎದೆ ತುಂಬುತ್ತದೆ. ಈಗ ಅವಳಿಗೆ ಐದು ವರ್ಷ. ಆದರೆ ನಿಮ್ಮ ಹತ್ತಿರ ನಿಜ ಹೇಳುತ್ತೇನೆ, ಆ ಹೊತ್ತು ನನಗೆ ಹೆದರಿಕೆಗಿಂತ ಹೆಚ್ಚು ಆದದ್ದು ಹೊಟ್ಟೆಕಿಚ್ಚು. ನನ್ನ ಬಾವಿಯ ಮೊದಲ ಕೊಡ ನೀರನ್ನೂ ಅವರೇ ತುಂಬಿಸಿ ಕೊಟ್ಟರಲ್ಲ!

ನನ್ನ ಸ್ಟೀಲಿನ ಕೊಡಪಾನ ಎಷ್ಟು ಸಲ ಕೊಕ್ಕೆ ಹಾಕಿದರೂ ಸಿಗಲಿಲ್ಲ. ದೇವಕಿಯಕ್ಕನ ಮನೆಯವರಿಗೆ ನಿಮ್ಮ ಬಾವಿಯಲ್ಲಿ ನೋಡಿ ಎನ್ನಬೇಕಾದರೆ ಹಳೆಯದನ್ನೆಲ್ಲ ಹೇಳಬೇಕು. ನಮ್ಮದು ಬತ್ತಿದ್ದರೆ ತಳಕ್ಕೆ ಆಳು ಇಳಿಸಿ ನೋಡಿಸಬಹುದಿತ್ತು. ಅಣೆಕಟ್ಟು ಆದ ಮೇಲೆ ನಮ್ಮ ಬಾವಿ ಬತ್ತುವುದಿಲ್ಲ.